ಬರ್ಕಾದ ಸಿಪಾಯಿ ಅಣ್ಣನ ಮನೆಗೆ ಹೋದದ್ದು

ಇಲ್ಲ ಮಗಾ, ಯುದ್ಧ ಮಾಡಿದ್ದು ನಾನಲ್ಲ, ನನ್ನ ಕಫೀಲ್. ಕಫೀಲ್ ಅಂದ್ರೆ ನಮ್ಮ ವೀಸಾದ ಯಜಮಾನ, ಅವನು ಬಿಡದೆ ಊರಿಗೆ ಬರ್ಲಿಕ್ಕೂ ಇಲ್ಲ. ಎಂಬತ್ತನೇ ಇಸವಿ ನಂತ್ರದ ಮಾತು, ಗಲ್ಫಲ್ಲಿ ಬರ್ಕಾ ಅನ್ನುವ ಊರಲ್ಲಿ ಅವನ ಪಿಕಪ್ ಓಡಿಸ್ತಿದ್ದೆ. ಸಾಲಿಂ ಅಂತ ಹೆಸರು. ಒಂದು ಕಾಲು ಮರದ್ದು. ಅಲ್ಲಿ ದಕ್ಷಿಣದ ಗುಡ್ಡೆಗಳಲ್ಲಿ ಮೊದ್ಲು ಅವರವರೊಳಗೇ ಯುದ್ಧ ಆಗಿತ್ತು ಗೊತ್ತುಂಟಾ, ಒಂದೇ ಊರಿನವರು ಎರಡು ಪಕ್ಷ. ಇವನು ಸರ್ಕಾರದ ಸೈನ್ಯದಲ್ಲಿ. ಬಂಡೆ ಹಿಂದೆ ಸಿಕ್ಕಿಬಿದ್ದು, ಮೇಲಿಂದ ಗುಂಡು ಬರ್ತಾ ಇರುವಾಗ್ಲೇ ಗಾಯ ಆದ ಜೊತೆಗಾರನನ್ನು ಬೆನ್ನಿಗೆ ಹಾಕ್ಕೊಂಡು ಇಳಿದ. ಕಾಲು ಹೋದದ್ದು ಆಗ. ಪದಕ ಸಿಕ್ಕಿದ್ದೂ ಅದಕ್ಕೇ.

ಆದ್ರೆ ಆ ಮನುಷ್ಯ ಮನೆಯಿಂದ ಹೊರಗೇ ಹೋಗ್ತಿರ್ಲಿಲ್ಲ. ಹಗಲಿಗೇ ಗೇಟಿಗೆ ಬೀಗ. ಒಳಗೆ ಅವನು, ಹಿಂದಿನ ರೂಮಲ್ಲಿ ನಾನು. ಸಾಮಾನು ತರ್ಲಿಕ್ಕೆ ಮಾತ್ರ ನನಗೆ ಗೇಟು ತೆಗೀತಿದ್ದ. ರೂವಿ ಪೇಟೆಗೆ ಹೋಗಿ ನಮ್ಮ ಊರಿನವರ ಮುಖ ನೋಡಿ ಬರ್ತೇನೆ ಅಂದ್ರೆ "ನಾಳೆ, ನಾಳೆ" ಅಂತಿದ್ದ. ಗೋಡೆ ನೋಡಿ ನೋಡಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಲ್ಲಿ ಯಜಮಾನನನ್ನು ಅರ್ಬಾಬ್ ಅಂತ ಕರೆಯುವುದು. ಒಮ್ಮೆ ಕೇಳಿಯೇ ಬಿಟ್ಟೆ, "ಅರ್ಬಾಬ್, ಯಾರಿಗೆ ಹೆದರಿ ಈ ಬೀಗ?" ಬೈತಾನೆ ಅಂತ ಎಣಿಸಿದ್ದೆ. ಅವನು ಮೆಲ್ಲ ಹೇಳಿದ, "ಪದಕದ ಕಥೆ ಹೇಳು ಅಂತ ಜನ ಬರ್ತಾರೆ. ಹೇಗೆ ಹೇಳುವುದು? ನನ್ನ ಅಣ್ಣ ಆಚೆ ಪಕ್ಷದಲ್ಲಿದ್ದ. ಆ ದಿನ ನನ್ನ ಮೇಲೆ ಗುಂಡು ಹೊಡೆದವರಲ್ಲಿ ಅವನೂ ಇದ್ದನಾ ಗೊತ್ತಿಲ್ಲ. ಈಗ ದಕ್ಷಿಣದಲ್ಲಿ, ಸಲಾಲಾ ಪೇಟೆಯಲ್ಲಿದ್ದಾನೆ. ಕೇಳ್ಲಿಕ್ಕೆ ಧೈರ್ಯ ಇಲ್ಲ."

"ಹೋಗಿ ಕೇಳುವ," ಅಂದೆ. ತುಂಬ ಸಲ ಅಂದೆ. ಕೊನೆಗೆ ಹೊರಟ. ಆ ಮರುಭೂಮಿ ರಸ್ತೆ, ಅಬ್ಬ, ಮುಗಿಯುವುದೇ ಇಲ್ಲ. ನಿಜ್ವಾದಲ್ಲಿ... ಅಲ್ಲಲ್ಲ, ನಿಜ್ವಾ ದಾಟಿ ಹೈಮಾದಲ್ಲಿ "ಗಾಡಿ ತಿರುಗಿಸು" ಅಂದ. ನಾನು ಕೇಳಿಸದ ಹಾಗೆ ಮಾಡಿದೆ. ಅಣ್ಣನ ಮನೆ ಎದುರು ನಿಲ್ಲಿಸಿದ್ರೆ ಇಳಿಯುವುದೇ ಇಲ್ಲ ಮಾರಾಯ, ಗ್ಲಾಸ್ ಏರಿಸಿ ಕೂತ. ಬೆವರು ಸುರೀತಾ ಉಂಟು, ಅವನನ್ನು ಬಿಟ್ಟು ನಾನು ಇಳಿಯುವ ಹಾಗೂ ಇಲ್ಲ. ಆಮೇಲೆ ಬಿಳಿ ಗಡ್ಡದವನೊಬ್ಬ ಮನೆಯಿಂದ ಬಂದು ಪಿಕಪ್ಪಿನ ಬಾಗಿಲು ತೆಗೆದ. ಸಾಲಿಂ ಸಲಾಮೂ ಹೇಳದೆ ಕೇಳಿದ, "ಆ ದಿನ ಆ ಗುಡ್ಡೆಯಲ್ಲಿ ನೀನಿದ್ದಿಯಾ?"

"ಇದ್ದೆ," ಅಂದ ಅಣ್ಣ. "ಬಂಡೆ ಹಿಂದೆ ಇದ್ದದ್ದು ನೀನು ಅಂತ ಆಮೇಲೆ ಗೊತ್ತಾಯ್ತು. ನಿನ್ನ ಬಾಗಿಲಿಗೆ ಬರ್ಲಿಕ್ಕೆ ನನಗೂ ಧೈರ್ಯ ಆಗ್ಲಿಲ್ಲ. ಇಳಿ, ಅನ್ನ ತಣಿಯುತ್ತದೆ." ಹೆಗಲು ಕೊಟ್ಟು ಇಳಿಸಿದ. ಒಂದೇ ಹರಿವಾಣದಿಂದ ಇಬ್ರೂ ಉಂಡ್ರು, ನನ್ನನ್ನೂ ಕೂರಿಸಿಕೊಂಡ್ರು. ಬರ್ಕಾಕ್ಕೆ ವಾಪಸ್ ಬಂದ ವಾರದಲ್ಲೇ ಸಾಲಿಂ ನನಗೆ ರಜೆ ಕೊಟ್ಟು ಊರಿಗೆ ಕಳಿಸಿದ, "ನಿನಗೂ ಮನೆಯವರಿದ್ದಾರಲ್ಲ" ಅಂತ.

ಅದಿರ್ಲಿ ಮಗಾ, ನೀನು ನಿನ್ನ ತಮ್ಮನ ಹತ್ರ ಮಾತು ಬಿಟ್ಟು ಎಷ್ಟು ದಿನ ಆಯ್ತು? ಹೋಗು, ಎಂತ ಕೇಳ್ಲಿಕ್ಕುಂಟೋ ಎದುರೇ ಕೇಳು, ಮತ್ತೆ ಊಟಕ್ಕೆ ಕರ್ಕೊಂಡು ಬಾ.