ಗುರುಪಾದಪ್ಪ ಸಾವುಕಾರರು ನಕಾಶೆ ಓದಲು ಕಲಿತದ್ದು

ಒಂದು ಊರು, ಆ ಊರಿಗೊಬ್ಬ ಸಾವುಕಾರ. ಯಾವ ಊರು ಎಂದು ಮಾತ್ರ ಕೇಳಬೇಡಿ. ಹೇಳಿದರೆ ಆ ಊರಿನವರು ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿರುತ್ತಾರೆ, ಆಮೇಲೆ ನನಗೆ ಪ್ರಸಾದ ಸಿಗುವುದು ಕಷ್ಟವಾಗುತ್ತದೆ. ಸಾವುಕಾರರ ಹೆಸರು ಬೇಕಾದರೆ ಹೇಳುತ್ತೇನೆ. ಗುರುಪಾದಪ್ಪ.

ಗುರುಪಾದಪ್ಪ ಕೆಟ್ಟವರಲ್ಲ. ನೋಡಿ, ಇದನ್ನು ಮೊದಲೇ ಹೇಳಿಬಿಡಬೇಕು. ಬಂದವರಿಗೆ ಊಟ ಹಾಕುತ್ತಿದ್ದರು, ಹೆಂಡತಿ ಸುವರ್ಣವ್ವನ ಮೇಲೆ ಕೈ ಎತ್ತಿದವರಲ್ಲ, ಆಳುಗಳಿಗೆ ಬೈದರೂ ಸಂಜೆಗೆ ಮರೆಯುತ್ತಿದ್ದರು. ಅವರ ಮನೆಯಲ್ಲಿ ಎಲ್ಲವೂ ಇತ್ತು. ಒಂದು ಮಾತು ಮಾತ್ರ ಇರಲಿಲ್ಲ. ಯಾವ ಮಾತು? ‘ನನಗೆ ಗೊತ್ತಿಲ್ಲ’ ಎನ್ನುವ ಮಾತು. ಎಮ್ಮೆಗೆ ಹೊಟ್ಟೆ ಏಕೆ ಉಬ್ಬಿದೆ? ಸಾವುಕಾರರಿಗೆ ಗೊತ್ತಿತ್ತು. ಪಂಪು ಏಕೆ ನೀರೆತ್ತುತ್ತಿಲ್ಲ? ಗೊತ್ತಿತ್ತು. ರಿಪೇರಿಯವನು ಬಂದು ಬೇರೆಯೇ ಕಾರಣ ಹೇಳಿದರೆ, “ಅದನ್ನ ನಾನೂ ಹೇಳಾಂವಿದ್ದೆ, ಅಷ್ಟರಾಗ ನೀ ಹೇಳಿದಿ” ಎನ್ನುತ್ತಿದ್ದರು.

ಆ ಊರಿನಿಂದ ಪ್ರತಿವರ್ಷ ಇಪ್ಪತ್ತು ಮೂವತ್ತು ಜನ ಗುಡ್ಡಸಾಲು ದಾಟಿ ಗವಿಮಠಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಸಂಜೆಯೊಳಗೆ ಮುಟ್ಟುವ ದಾರಿ. ದಾರಿ ತೋರಿಸುತ್ತಿದ್ದ ಕುರಿಗಾರ ಮುದುಕನಿಗೆ ಆ ವರ್ಷ ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ಈ ಸಲ ಹೋಗುವುದು ಬೇಡ ಎಂದು ಜನ ಮಾತಾಡಿಕೊಳ್ಳುತ್ತಿದ್ದಾಗ ಗುರುಪಾದಪ್ಪ ಕಟ್ಟೆಯ ಮೇಲೆ ಎದ್ದುನಿಂತರು.

“ಯಾಕ ಬ್ಯಾಡ? ನಾ ಕರಕೊಂಡು ಹೋಗ್ತೀನಿ. ನನ್ನ ಹತ್ರ ನಕಾಶಿ ಐತಿ!”

ಇತ್ತು, ಸುಳ್ಳಲ್ಲ. ಜಿಲ್ಲಾ ಕೇಂದ್ರದಲ್ಲಿ ಒಬ್ಬ ನಿವೃತ್ತ ಅಧಿಕಾರಿ ಮನೆ ಖಾಲಿ ಮಾಡುವಾಗ ಅವರಿಂದ ತಂದದ್ದು. ಸರ್ವೆಯವರು ಮಾಡಿದ ದೊಡ್ಡ ಹಾಳೆ. ಗುಡ್ಡ, ಹಳ್ಳ, ಬಾವಿ, ದಾರಿ, ಎಲ್ಲಕ್ಕೂ ಬಣ್ಣಬಣ್ಣದ ಗೆರೆ. ಸಾವುಕಾರರು ಅದನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಇಟ್ಟಿದ್ದರು. ದೇವರ ಮನೆಯ ಪುಸ್ತಕ ಇಟ್ಟ ಹಾಗೆ. ಓದಿದ್ದರೇ? ದೇವರ ಮನೆಯ ಪುಸ್ತಕಗಳನ್ನು ನೀವೆಷ್ಟು ಓದಿದ್ದೀರೋ, ಅವರೂ ಅಷ್ಟೇ ಓದಿದ್ದರು.

ಯಾತ್ರೆಗೆ ಅಡುಗೆ ಮಾಡಲು ಕಾಶವ್ವ ಎಂಬ ಹೆಂಗಸು ಬರುತ್ತಿದ್ದಳು. ಆಕೆಯ ಗಂಡ ಬದುಕಿದ್ದಾಗ ಸರ್ವೆ ಇಲಾಖೆಯಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದ. ಇಪ್ಪತ್ತು ವರ್ಷ ಆಕೆ ಸರ್ವೆಯವರ ಡೇರೆಗಳಲ್ಲಿ ರೊಟ್ಟಿ ಬಡಿದಿದ್ದಳು. ಹೊರಡುವ ಬೆಳಿಗ್ಗೆ ಸಾವುಕಾರರ ಕೈಯಲ್ಲಿ ಹಾಳೆ ಕಂಡು ಹತ್ತಿರ ಬಂದಳು.

“ಸಾವ್ಕಾರ್ರ, ಒಂದೀಟು ನಾ ನೋಡ್ಲೇನ್ರಿ?”

“ನೀ ಒಲಿ ನೋಡ ಕಾಶವ್ವ, ಇದನ್ನ ನಾ ನೋಡ್ತೀನಿ.”

ಕಾಶವ್ವ ಪಾತ್ರೆಯ ಗಂಟು ಹೊತ್ತುಕೊಂಡಳು.

ಇಪ್ಪತ್ತೇಳು ಜನ ಹೊರಟರು. ಮುಂದೆ ಗುರುಪಾದಪ್ಪ, ಎರಡೂ ಕೈಯಲ್ಲಿ ಹಾಳೆ. ಅವರ ಲೆಕ್ಕ ಬಹಳ ಸರಳವಾಗಿತ್ತು. ಹಾಳೆಯ ಮೇಲಿನ ಅಂಚು ಎಂದರೆ ಮುಂದೆ, ಕೆಳಗಿನ ಅಂಚು ಎಂದರೆ ಹಿಂದೆ. ಹಾಳೆಯ ಮೇಲಿನ ಅಂಚು ಉತ್ತರ ದಿಕ್ಕು ಎಂದು ಶಾಲೆಯಲ್ಲಿ ಕೇಳಿದ ನೆನಪೂ ಇತ್ತು. ಎರಡನ್ನೂ ಸೇರಿಸಿದರೆ ಏನಾಯಿತು ಹೇಳಿ? ಸಾವುಕಾರರು ಎಡಕ್ಕೆ ತಿರುಗಿದರೆ ಉತ್ತರ ದಿಕ್ಕೂ ಎಡಕ್ಕೆ ತಿರುಗಬೇಕು. ಬಲಕ್ಕೆ ತಿರುಗಿದರೆ ಅದೂ ಬಲಕ್ಕೆ. ಪಾಪ, ಉತ್ತರ ದಿಕ್ಕಿಗೆ ಅಷ್ಟು ಓಡಾಟ ಹುಟ್ಟಿದಾಗಿನಿಂದ ಇರಲಿಲ್ಲ.

ಒಂದೂವರೆ ತಾಸು ನಡೆದ ಮೇಲೆ ಮರಗಳ ನಡುವೆ ನೀರಿನ ಟಾಕಿಯೊಂದು ಕಾಣಿಸಿತು.

“ನೋಡ್ರಿ! ಮೊದಲನೇ ಊರು ಬಂತು. ನಕಾಶಿ ಅಂದ್ರ ಹಿಂಗ!” ಎಂದರು ಗುರುಪಾದಪ್ಪ.

ಜನ ಹುರುಪಿನಿಂದ ಹೆಜ್ಜೆ ಹಾಕಿದರು. ನಳದ ಹತ್ತಿರ ನಿಂತಿದ್ದ ಹೆಂಗಸು ಕೊಡ ಇಳಿಸಿ ಬೆರಗಾಗಿ ಕೇಳಿದಳು, “ಯಾಕ್ರಿ ಸಾವ್ಕಾರ್ರ, ಏನರ ಮರತು ಬಂದ್ರೇನು?”

ಅದು ಅವರದೇ ಊರು. ಅವರದೇ ನಳ. ಹೊರಟದ್ದು ಮೂಡಣ ಊರಬಾಗಿಲಿನಿಂದ, ಬಂದು ಮುಟ್ಟಿದ್ದು ಪಡುವಣ ಊರಬಾಗಿಲಿಗೆ.

ಈಗ ಹೇಳಿ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ‘ದಾರಿ ತಪ್ಪಿತವ್ವ’ ಎಂದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ನಾನೂ ಬೇಗ ಕೆಳಗಿಳಿಯುತ್ತಿದ್ದೆ. ಗುರುಪಾದಪ್ಪನವರ ಗಂಟಲಿಗೆ ಆ ಮಾತು ಬಂದದ್ದು ನಿಜ. ಬಂದು, ನಾಲಿಗೆಯ ಬುಡದಲ್ಲಿ ನಿಂತು, ಹಿಂದಕ್ಕೆ ಹೋಯಿತು.

“ಕರ್ಪೂರ ಮರತಿದ್ವಿ” ಎಂದರು.

ಕರ್ಪೂರ ತರಿಸಿಕೊಂಡೇ ಮತ್ತೆ ಹೊರಟರು. ಇಪ್ಪತ್ತೇಳು ಜನರಲ್ಲಿ ಒಬ್ಬರೂ ನಗಲಿಲ್ಲ. ಸುವರ್ಣವ್ವ ಮಾತ್ರ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡಳು.

ಎರಡನೇ ಸಲ ಗುಡ್ಡಸಾಲಿನ ಬುಡ ಸಿಕ್ಕಿತು. ಅಷ್ಟು ದೊಡ್ಡ ಗುಡ್ಡ, ಸಿಗದೆ ಎಲ್ಲಿ ಹೋದೀತು? ಅಲ್ಲಿ ದಾರಿ ಎರಡಾಗಿತ್ತು. ಗುರುಪಾದಪ್ಪ ಹಾಳೆ ನೋಡಿದರು. ಬಲಗಡೆಯ ಭಾಗದಲ್ಲಿ ಕಂದು ಗೆರೆಗಳು ಅಲ್ಲೊಂದು ಇಲ್ಲೊಂದು. ಎಡಗಡೆ ಕಂದು ಗೆರೆಗಳು ಒತ್ತೊತ್ತಾಗಿ, ಬಾಚಣಿಗೆ ಹಲ್ಲಿನ ಹಾಗೆ.

“ಇಲ್ಲೆ ನೋಡ್ರಿ, ಎಷ್ಟು ಹಾದಿ ಅದಾವು! ಒಂದು ತಪ್ಪಿದ್ರ ಇನ್ನೊಂದು ಸಿಗತೈತಿ. ಎಡಕ್ಕ ನಡೀರಿ.”

ಹಿಂದಿನಿಂದ ಕಾಶವ್ವನ ದನಿ ಬಂತು. “ಸಾವ್ಕಾರ್ರ, ಕಂದು ಗೀಟು ಹಾದಿ ಅಲ್ರಿ...”

“ಕಾಶವ್ವ, ಬುತ್ತಿ ಆರತೈತಿ, ಬಿರಿಬಿರಿ ನಡಿ.”

ನಡೆದರು. ಹತ್ತಿದರು. ಬಿಸಿಲು ನೆತ್ತಿಗೆ ಬಂತು, ಕೊಡಗಳಲ್ಲಿದ್ದ ನೀರು ಮುಗಿಯಿತು, ಕಲ್ಲು ಕಾದು ಚಪ್ಪಲಿಯೊಳಗೆ ಬೆಂಕಿ ಹೊಕ್ಕಂತಾಯಿತು. ಕೊನೆಗೆ ದಾರಿಯೂ ಮುಗಿಯಿತು. ಎದುರಿಗೆ ಬಂಡೆ. ನಾಲ್ಕಾಳು ಎತ್ತರದ, ಗೋಡೆಯಂಥ ಬಂಡೆ. ಹತ್ತಲು ಮಂಗನಾಗಬೇಕು, ಇಲ್ಲವೇ ಹಲ್ಲಿಯಾಗಬೇಕು.

ಅಲ್ಲಿ ಸುವರ್ಣವ್ವ ಕುಸಿದಳು. ‘ಏನ್ರೀ’ ಎಂದು ಒಮ್ಮೆ ಕರೆದಳು, ಬಂಡೆಗೆ ಒರಗಿದಳು, ಹಾಗೇ ಜಾರಿದಳು. ಮುಖ ಸುಟ್ಟ ಇಟ್ಟಿಗೆಯಂತೆ ಕೆಂಪಾಗಿತ್ತು. ಬೆವರು ನಿಂತುಹೋಗಿತ್ತು. ಗುರುಪಾದಪ್ಪ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕೊಡ ಬಗ್ಗಿಸಿ ನೋಡಿದರು. ಎಲ್ಲವೂ ಖಾಲಿ. ಮೂವತ್ತೆರಡು ವರ್ಷದ ಸಂಸಾರ. ಆಕೆಯ ತುಟಿ ಒಡೆದದ್ದನ್ನು ಅವರು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

“ನೀರು ಎಲ್ಲಿ ಸಿಗತೈತಿ?” ಎಂದು ಕೂಗಿದರು. ಯಾರನ್ನು ಕೇಳಿದರು? ಬಂಡೆಯನ್ನೇ ಕೇಳಿದರು. ಆಗ ಅವರ ಕಣ್ಣು ಕಾಶವ್ವನ ಕಡೆ ಹೋಯಿತು. ಆಕೆ ಆಗಲೇ ಸುವರ್ಣವ್ವನ ರವಿಕೆ ಸಡಿಲಿಸಿ ಸೆರಗಿನಿಂದ ಗಾಳಿ ಹಾಕತೊಡಗಿದ್ದಳು.

“ಕಾಶವ್ವ” ಎಂದರು ಸಾವುಕಾರರು. “ನನಗ ಇದು ಓದಾಕ ಬರೂದಿಲ್ಲ. ನೀ ಹೇಳ.”

ನೋಡಿ ಬಂಧುಗಳೇ, ಐವತ್ತೆಂಟು ವರ್ಷದ ಬಾಯಿ. ಆ ಮಾತು ಹೊರಗೆ ಬಂದದ್ದು ಅದೇ ಮೊದಲು.

ಕಾಶವ್ವ ಚುಚ್ಚಿ ಮಾತಾಡಲಿಲ್ಲ. “ನನ್ನ ಮೊಣಕಾಲು ಇಳಿಜಾರು ತಡಿಯೂದಿಲ್ರಿ. ನಾ ಅಕ್ಕಾರನ್ನ ನೋಡಿಕೋತೀನಿ. ಹೋಗಾವ್ರು ನೀವು. ಅದಕ್ಕ ನೀವ ಓದಬೇಕು. ಹಾಸ್ರಿ ಅದನ್ನ.”

ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟರು.

“ನಮ್ಮೂರು ಆ ಕಡೆ ಕಾಣತೈತಿ. ಜೋಡಗುಡ್ಡ ಈ ಕಡೆ. ಹಾಳ್ಯಾಗೂ ಊರು ಆ ಕಡೆ, ಗುಡ್ಡ ಈ ಕಡೆ ಬರೂ ಹಂಗ ಮಾಡ್ರಿ.”

ಗುರುಪಾದಪ್ಪ ಎದ್ದು ತಾವೇ ಸುತ್ತು ಬಂದು ಇನ್ನೊಂದು ಕಡೆ ಕುಳಿತರು.

“ನೀವು ತಿರಗಬ್ಯಾಡ್ರಿ! ಹಾಳಿ ತಿರುಗಿಸ್ರಿ.”

ಹಾಳೆ ತಿರುಗಿತು. ಅಕ್ಷರಗಳು ತಲೆಕೆಳಗಾದವು. ಆದರೆ ಕಾಗದದ ಊರು ನಿಜವಾದ ಊರಿನ ಕಡೆ ಮುಖ ಮಾಡಿತು, ಕಾಗದದ ಗುಡ್ಡ ನಿಜವಾದ ಗುಡ್ಡದ ಕಡೆ.

“ಈಗ ಬೆರಳಿಡ್ರಿ. ನೀವು ಎಲ್ಲಿ ಅದೀರಿ?”

ಗುರುಪಾದಪ್ಪ ಗವಿಮಠದ ಮೇಲೆ ಬೆರಳಿಟ್ಟರು.

“ಅದು ನೀವು ಹೋಗೂ ಜಾಗ. ಇರೂ ಜಾಗ ತೋರಸ್ರಿ.”

ಬೆರಳು ಸ್ವಲ್ಪ ಹಿಂದೆ ಬಂದು ಕಣಿವೆಯ ಮೇಲೆ ನಿಂತಿತು.

“ಈ ಹೊತ್ತಿಗೆ ಅಲ್ಲಿ ಇರಬೇಕಾಗಿತ್ತು, ಖರೆ. ಅದೀರೇನು?”

ಸಾವುಕಾರರು ತಲೆ ಎತ್ತಿ ಬಂಡೆ ನೋಡಿದರು. ಹೆಂಡತಿಯ ಮುಖ ನೋಡಿದರು. ಬೆರಳನ್ನು ಮೆಲ್ಲಗೆ ಜಾರಿಸಿ ಆ ಕಂದು ಗೆರೆಗಳ ಒತ್ತಿನ ನಡುವೆ ತಂದಿಟ್ಟರು. ಯಾವ ದಾರಿಯೂ ಇಲ್ಲದ ಜಾಗ.

“ಇಲ್ಲೆ ಅದೀನಿ. ತಪ್ಪಿ ಬಂದೀನಿ.”

“ಬರೋಬ್ಬರಿ” ಎಂದಳು ಕಾಶವ್ವ. “ಕಂದು ಗೀಟು ಒತ್ತಿ ಬಂದಷ್ಟೂ ಏರು ಕಡದು. ದೂರ ದೂರ ಇದ್ದಲ್ಲೆ ಕಾಲಿಗೆ ಸಸಾರ. ಕರೀ ಗೀಟು ಒಣಾ ಹಳ್ಳ, ಅದನ್ನ ನಂಬಿ ಹೋಗಬ್ಯಾಡ್ರಿ. ನೀಲಿ ಅಂದ್ರ ನೀರು. ಹುಡುಕ್ರಿ.”

ಎರಡು ಒಣ ಹಳ್ಳಗಳು ಕೂಡುವ ಕಡೆ, ಸ್ವಲ್ಪ ಮೇಲಿನ ಮಗ್ಗುಲಲ್ಲಿ, ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆ. ಸಾವುಕಾರರು ಹಾಳೆ ಮಡಚಿಕೊಂಡರು. ಎರಡು ಕೊಡ ಹಗ್ಗಕ್ಕೆ ಕಟ್ಟಿ ಹೆಗಲಿಗೆ ಹಾಕಿಕೊಂಡು, ಬಿಸಿಲಿಗೆ ಬಸವಳಿದ ಉಳಿದವರನ್ನು ಅಲ್ಲೇ ಬಿಟ್ಟು, ಒಬ್ಬರೇ ಇಳಿದರು.

ಮೊದಲ ಹಳ್ಳ ಸಿಕ್ಕಿತು. ಅಗಲವಾದ ಮರಳು, ನಡೆಯಲು ಹಾಸಿಗೆಯಂತೆ. ಕಾಲು ಅದರ ಗುಂಟ ಕೆಳಗೆ ಹೋಗೋಣ ಎಂದಿತು. ಹಳೆಯ ಗುರುಪಾದಪ್ಪ ಆಗಿದ್ದರೆ ಹೋಗಿಬಿಡುತ್ತಿದ್ದರು. ಅವರು ನಿಂತರು. ಹಾಳೆ ಹಾಸಿದರು, ತಿರುಗಿಸಿದರು, ಬೆರಳಿಟ್ಟರು. ಸುತ್ತ ಯಾರೂ ಇರಲಿಲ್ಲ. ಆದರೂ “ಇಲ್ಲೆ ಅದೀನಿ” ಎಂದು ಗಟ್ಟಿಯಾಗಿ ಹೇಳಿಕೊಂಡರು. ಹಳ್ಳ ದಾಟಬೇಕಿತ್ತು, ಅದರ ಗುಂಟ ಇಳಿಯಬಾರದಿತ್ತು. ದಾಟಿದರು. ಎರಡನೆಯ ಹಳ್ಳ ಬಂದು ಮೊದಲನೆಯದಕ್ಕೆ ಸೇರುವುದು ಕಾಣಿಸಿತು. ಅದರ ಮೇಲಿನ ಮಗ್ಗುಲಲ್ಲಿ, ಬಂಡೆಯ ಸೀಳಿನ ನೆರಳಿನಲ್ಲಿ, ಆಳವಾದ ಹೊಂಡ. ಕಪ್ಪಗೆ, ತಣ್ಣಗೆ, ನೀರು.

ಗುರುಪಾದಪ್ಪ ಕುಡಿಯಲಿಲ್ಲ. ಮೊದಲು ಕೊಡ ತುಂಬಿದರು. ಎರಡನೆಯ ಕೊಡ ತುಂಬುವಾಗ ಅವರಿಗೆ ಅಳು ಬಂತು, ಜೊತೆಗೇ ನಗುವೂ ಬಂತು.

ಕಾಶವ್ವ ಅವರು ಹೊತ್ತು ತಂದ ನೀರಿನಲ್ಲಿ ಸೆರಗು ಅದ್ದಿ ಸುವರ್ಣವ್ವನ ಕುತ್ತಿಗೆಗೆ, ಕಂಕುಳಿಗೆ ಒತ್ತಿದಳು. ಬಹಳ ಹೊತ್ತಾದ ಮೇಲೆ ಆಕೆ ಕಣ್ಣುಬಿಟ್ಟಳು. ಗುಟುಕು ಗುಟುಕಾಗಿ ಕುಡಿದಳು. ಗಂಡನ ಮುಖ ನೋಡಿ ಮೊದಲ ಮಾತು ಆಡಿದಳು.

“ಏನ್ರೀ, ಕರ್ಪೂರ ಐತಿಲ್ಲೋ?”

ಬೆಳಗಿನಿಂದ ತಡೆದುಕೊಂಡಿದ್ದ ಇಪ್ಪತ್ತೇಳು ಜನರ ನಗು ಆ ಗುಡ್ಡದಲ್ಲಿ ಸಿಡಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಗುರುಪಾದಪ್ಪ.

ಬಿಸಿಲು ಇಳಿದ ಮೇಲೆ ಕಂದು ಗೆರೆ ದೂರ ದೂರ ಇದ್ದ ಕಡೆಯಿಂದ, ಸುವರ್ಣವ್ವನನ್ನು ಕಂಬಳಿಯಲ್ಲಿ ಹೊತ್ತು, ಎಲ್ಲರೂ ಗವಿಮಠ ಮುಟ್ಟಿದರು. ಮಠದ ಹಿರಿಯರು ಬಾಗಿಲಿಗೆ ಬಂದು, “ದಾರಿ ತೋರಿಸಿ ಕರಕೊಂಡು ಬಂದವರು ಯಾರು?” ಎಂದು ಕೇಳಿದರು. ಜನರೆಲ್ಲ ಸಾವುಕಾರರ ಕಡೆ ನೋಡಿದರು. ಅಭ್ಯಾಸ ನೋಡಿ. ಸಾವುಕಾರರ ಎದೆಯೂ ಒಂದು ಕ್ಷಣ ಉಬ್ಬಿತು. ಅಭ್ಯಾಸ!

“ದಾರಿ ತಪ್ಪಿಸಿದಾಂವ ನಾನ್ರಿ ಅಪ್ಪಾರ” ಎಂದರು ಅವರು. “ತೋರಿಸಿದಾಕಿ ಹಿಂದ ಬರಾಕತ್ತಾಳ. ಮೊಣಕಾಲು ನೋಯತೈತಿ ಆಕಿಗೆ, ಕೂಡ್ರಾಕ ಏನರ ಕೊಡ್ರಿ.”

ಆ ದಿನ ಒಲೆ ಹಚ್ಚಿದ್ದು ಸಾವುಕಾರರೇ. ಅನ್ನ ಸೀದುಹೋಯಿತು. ಸೀದಿದೆ ಎಂದು ಅವರೇ ಮೊದಲು ಹೇಳಿದರು.

ನಗುತ್ತಿದ್ದೀರಿ. ನಗಿ. ಆದರೆ ಈಗ ಒಂದು ಪ್ರಶ್ನೆ. ಗವಿಮಠ ಎಲ್ಲಿದೆ ಎಂದು ನಿಮಗೆ ಗೊತ್ತಿಲ್ಲವೇ? ಎಲ್ಲರಿಗೂ ಗೊತ್ತು. ಶಾಂತಿ ಬೇಕು, ಭಕ್ತಿ ಬೇಕು, ಮನೆಯಲ್ಲಿ ಪ್ರೀತಿ ಬೇಕು. ಕೇಳಿದರೆ ತಟ್ಟನೆ ಅಲ್ಲಿ ಬೆರಳಿಡುತ್ತೀರಿ. ಈಗ ಎಲ್ಲಿದ್ದೀರಿ ಎಂದು ಕೇಳಿದರೆ? ಬೆರಳು ತಡವರಿಸುತ್ತದೆ. ತಮ್ಮನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾದವರು ಇಲ್ಲಿ ಇದ್ದೀರಿ. ನೀವು ಇರುವುದು ಮಠದಲ್ಲಿ ಅಲ್ಲ, ಆ ಬಂಡೆಯ ಬುಡದಲ್ಲಿ. ಮೊದಲು ಅಲ್ಲಿ ಬೆರಳಿಡಿ.

ಮತ್ತೆ, ಹಾಳೆ ತಿರುಗಿಸುವುದು ಬಿಟ್ಟು ಊರನ್ನೇ ತಿರುಗಿಸಲು ಹೋಗಬೇಡಿ. ಸೊಸೆ ನಿಮ್ಮ ಕಡೆ ತಿರುಗಬೇಕು, ಮಗ ತಿರುಗಬೇಕು, ಪಕ್ಕದ ಮನೆಯವರು ತಿರುಗಬೇಕು, ಸೂರ್ಯನೂ ಒಂದಿಷ್ಟು ಸರಿಯಬೇಕು! ಆಗುತ್ತದೆಯೇ? ಇವತ್ತು ಮನೆಗೆ ಹೋದ ಮೇಲೆ ಒಂದೇ ಒಂದು ಕೆಲಸ ಮಾಡಿ. ಯಾರನ್ನು ನೀವು ‘ಒಲೆ ನೋಡು’ ಎಂದು ಹಿಂದಕ್ಕೆ ಕಳಿಸಿದ್ದೀರೋ, ಅವರ ಮುಂದೆ ಕುಳಿತು, ‘ನನಗೆ ಇದು ಗೊತ್ತಿಲ್ಲ, ಹೇಳಿಕೊಡು’ ಎಂದು ಕೇಳಿ. ಔಷಧದ ಚೀಟಿ ಇರಲಿ, ಬ್ಯಾಂಕಿನ ಫಾರಮ್ ಇರಲಿ, ಹೆಂಡತಿಯ ಮೌನವೇ ಇರಲಿ. ವಾರಕ್ಕೊಮ್ಮೆ ಸಾಕು. ಗಂಟಲಿಗೆ ಅಭ್ಯಾಸವಾಗಲಿ.

ಉಪದೇಶ ಮಾಡುವವರಿಗೂ ಇದು ಸುಲಭವಲ್ಲ. ಇವತ್ತು ನಾನು ಮುಕ್ಕಾಲು ತಾಸು ತಡವಾಗಿ ಬಂದೆ. ಗಾಡಿ ಕೆಟ್ಟಿತ್ತು ಎಂದು ನಿಮ್ಮ ಅಧ್ಯಕ್ಷರಿಗೆ ಹೇಳಿದೆ. ಗಾಡಿ ಚೆನ್ನಾಗಿಯೇ ಇತ್ತು. “ಯಾರನ್ನರ ಕೇಳೂಣೇನ್ರಿ ಬುದ್ಧಿ?” ಎಂದು ಡ್ರೈವರ್ ಮೂರು ಸಲ ಕೇಳಿದ. “ನನಗ ಗೊತ್ತೈತಿ, ನಡಿ” ಎಂದು ನಾನು ಮೂರು ಸಲ ಹೇಳಿದೆ. ಅಲ್ಲಿ ನೋಡಿ, ಬಾಗಿಲ ಹತ್ತಿರ ನಿಂತು ನಗುತ್ತಿದ್ದಾನೆ.

ಅಧ್ಯಕ್ಷರೇ, ಕ್ಷಮಿಸಿ. ನನಗೆ ನಿಮ್ಮೂರಿನ ದಾರಿ ಗೊತ್ತಿಲ್ಲ. ಹೋಗುವಾಗ ಯಾರಾದರೂ ಹೇಳಿಕೊಡಿ.