ಹಸಿರಾಗಿ ಕಂಡ ಹೊಲಗಳು

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ತಂಗಿ ಉಪಗ್ರಹದ ಚಿತ್ರ ನೋಡಿ ಆಹಾರ ಇಲಾಖೆಗೆ ಬೆಳೆಯ ನಕ್ಷೆ ಮಾಡಿಕೊಡುವವಳೆಂದು ಮಾತಿನಿಂದಲೇ ತಿಳಿಯಿತು.

“ನಮ್ಮೂರಿನ ರೇಷನ್ ಗೋದಾಮಿಂದ ಲಾರಿಗಟ್ಟಲೆ ಧಾನ್ಯ ಹೊರಗೆ ಹೋಗ್ತಿದೆ ಕಣೇ. ಕೇಳಿದ್ರೆ, ನಿಮ್ಮಲ್ಲಿ ಈ ಸಲ ಬೆಳೆ ಚೆನ್ನಾಗಿದೆಯಲ್ಲ, ಬೇರೆ ಕಡೆ ಬೇಕು ಅಂತಾರೆ.”

“ಹಾಗಂತ ಹೇಳಿದ್ದು ನಮ್ಮ ನಕ್ಷೆ, ಅಕ್ಕಾ.”

“ಯಾವ ಬೆಳೆ? ನೆರೆ ಇಳಿದ ಮೇಲೆ ಹೊಲದ ತುಂಬ ಬರೀ ಕಳೆ.”

“ಕಂಪ್ಯೂಟರಿಗೆ ಹಸಿರೆಲ್ಲ ಬೆಳೆನೇ. ಅದಕ್ಕೇ ಯಾರಾದ್ರೂ ಹೊಲಕ್ಕೆ ಹೋಗಿ ನೋಡ್ಬೇಕು. ರಸ್ತೆ ಕೊಚ್ಚಿ ಹೋಗಿತ್ತಲ್ಲ, ಕೂತಲ್ಲೇ ಪರದೆ ನೋಡಿ ಸರಿ ಅಂತ ಗುರುತು ಹಾಕ್ಬಿಟ್ರು.”

“ಯಾರು?”

“ನಾನೇ.”



“ಹಾಗಾದ್ರೆ ನಿಮ್ಮ ಸಾಹೇಬ್ರನ್ನ ಊಟಕ್ಕೆ ಕರ್ಕೊಂಡು ಬಾ. ಆ ಕಳೆನೇ ಬೇಯಿಸಿ ಬಡಿಸ್ತೀನಿ.”

“ತಮಾಷೆ ಮಾಡ್ಬೇಡ. ನಂಗೆ ಭಯ ಆಗ್ತಿದೆ.”

“ನಂಗೂ ಅಷ್ಟೇ ಕಣೇ. ಗೋದಾಮು ಖಾಲಿಯಾದ್ರೆ ಊರಿಗೆ ಊರೇ ಏನು ತಿನ್ಬೇಕು? ಈಗ್ಲೇ ಫೋನ್ ಮಾಡಿ ಹೇಳು.”

“ಕೆಲಸ ಹೋಗತ್ತೆ.”

“ಹೋದ್ರೆ ಹೋಗ್ಲಿ. ನಮ್ಮನೆಗೆ ಬಂದಿರು. ಎರಡು ಹೊತ್ತು ಊಟ ಹಾಕಕ್ಕೆ ನಾನು...”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಸ್ ಬಂತು. ಅಕ್ಕ ಎರಡೂ ಚೀಲ ಎತ್ತಿಕೊಂಡಳು. ತಂಗಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಅವಳ ಹಿಂದೆ ಹತ್ತಿದಳು. ಬಾಗಿಲು ಮುಚ್ಚುವ ಮುಂಚೆ ನನಗೆ ಕೇಳಿದ್ದು ಇಷ್ಟೇ: “ಸಾರ್, ಆ ಲಾರಿಗಳನ್ನ ನಿಲ್ಲಿಸ್ಬೇಕು.”