ಮೆಟ್ಟಿಲು ಮುರಿದಿಲ್ಲ

ಸಭೆಗೆ ಬಂದಿರುವ ಹಿರಿಯರಿಗೆ, ಮರಗೆಲಸದ ಸಂಘದವರಿಗೆ, ಮುಂದೆ ಕೂತಿರುವ ತಮ್ಮಯ್ಯನ ಹೆಂಡತಿ ದ್ರಾಕ್ಷಾಯಣಮ್ಮನವರಿಗೆ — ನಮಸ್ಕಾರ. ನಾನು ಮರಿಯಣ್ಣ. ತಮ್ಮಯ್ಯ ಮೆಟ್ಟಿಲಿಗೆ ಮರ ಕೊಯ್ದರೆ, ಗೋಡೆಯೊಳಗೆ ಕಬ್ಬಿಣ ಕೂರಿಸುತ್ತಿದ್ದವನು. ಓದು ಅರ್ಧಕ್ಕೇ ನಿಂತಿತು. ಮಾತು ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ಕೆಟ್ಟ ಕನಸು. ತಮ್ಮಯ್ಯ ಮೇಲೆ ನಿಂತು ಕರೆಯುತ್ತಾನೆ, ನಾನು ಹತ್ತುತ್ತೇನೆ, ಕೈ ಚಾಚಿದರೆ ಹಿಡಿಯಲು ಏನೂ ಇಲ್ಲ. ಎದ್ದು ಕೂತವನು ಮತ್ತೆ ಮಲಗಲಿಲ್ಲ.

ಇಲ್ಲಿಗೆ ಬಂದರೆ ಏನು ಕೇಳುತ್ತೇನೆ? ನನಗಿಂತ ಮುಂಚೆ ಮಾತಾಡಿದವರೆಲ್ಲ ಅದೇ ಹೇಳಿದರು — 'ಪಾಪ, ತಾನು ಮಾಡಿದ ಮೆಟ್ಟಿಲೇ ಮುರಿದು ಸತ್ತ.' ಸ್ವಾಮಿ, ಯಾರು ನೋಡಿದ್ದು? ಯಾರು? ಮೆಟ್ಟಿಲು ಮುರಿದಿಲ್ಲ. ಮುರಿದಿಲ್ಲ!

ಅವನ ಮೆಟ್ಟಿಲಿಗೆ ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಒಂದೊಂದು ಹಲಗೆಯೂ ಗೋಡೆಯಿಂದ ಹೊರಬಂದು ಗಾಳಿಯಲ್ಲಿ ತೇಲುವ ಹಾಗೆ ಕಾಣುತ್ತದೆ. ಒಳಗೆ ಕಬ್ಬಿಣ, ಹೊರಗೆ ಬರೀ ಮರ. ಈ ಹಳೇಬೀಡಿನಲ್ಲೇ ಒಬ್ಬರು ಕೆಣಕಿದ್ದರು — 'ಏನ್ಲಾ ತಮ್ಮಯ್ಯ, ಇಷ್ಟೊಂದು ಕೆತ್ತಿರೋ ಊರಲ್ಲಿ ಬೋಳು ಹಲಗೆ ಹೊಡ್ದು ಬತ್ತೀಯಲ್ಲ, ಉಳಿ ಮೊಂಡಾಯ್ತಾ?' ಅದಕ್ಕವನು, 'ಕೆತ್ತೋದು ಅಪ್ಪ ಕಲಿಸ್ದ ಕಣಣ್ಣ. ಬಿಡೋದು ನಾನೇ ಕಲೀಬೇಕಾಯ್ತು.'

ಅವನ ಮೇಲೂ ನನಗೆ ಸಿಟ್ಟಿದೆ. ಸತ್ತವರನ್ನು ಬೈಯಬಾರದಂತೆ — ಬೈಯುತ್ತೇನೆ. ಹತ್ತುವವರು ಹಿಡಿದುಕೊಳ್ಳಲು ಪಕ್ಕಕ್ಕೆ ಒಂದು ಕಂಬಿ ಹಾಕು ಎಂದು ಪ್ರತಿ ಮನೆಯಲ್ಲೂ ಗೋಗರೆದೆ. ಅವನದು ಒಂದೇ ಮಾತು — 'ಹೆಂಡ್ತಿ ಸೀನಿದ್ರೂ ಆಸ್ಪತ್ರೆಗೆ ಜೀಪ್ ಕರೆಸೋನು ನೀನು! ಕಂಬಿ ಹಾಕಿದ್ರೆ ಮನೆ ಜೈಲಾಯ್ತದೆ ಕಣ್ಲಾ.' ಮನೆ ಕಟ್ಟಿಸಿದವರೂ ಅವನ ಜೊತೆ ಸೇರಿ ನಕ್ಕರು. ನೀವೂ ನಗಿ, ನಗಿ.

ಮಧುಕುಮಾರ್ ಅವರೇ, ಹಿಂದೆ ಕೂತಿದ್ದೀರಿ, ತಲೆ ಬಗ್ಗಿಸಬೇಡಿ. ಬೇಲೂರಿನಲ್ಲಿ ನಿಮ್ಮ ಗೃಹಪ್ರವೇಶದ ದಿನ ವಿಡಿಯೋದಲ್ಲಿ ಮರ ಹೊಳೆಯಲಿ ಎಂದು ನಿಮ್ಮವರು ಹಲಗೆಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿದರು. ಆಸೆಯಿಂದ ಮಾಡಿದ್ದು, ಒಪ್ಪುತ್ತೇನೆ. ತಮ್ಮಯ್ಯನಿಗೊಂದು ಮಾತು ಹೇಳಬಾರದಿತ್ತೇ? ನೆಂಟರು ಯಾರೋ 'ಇದು ತಡೀತದಾ?' ಎಂದರು. ಅಷ್ಟು ಸಾಕು ಅವನಿಗೆ! ಹಲಗೆಯ ತುದಿಗೆ ಹೋಗಿ ಕುಪ್ಪಳಿಸಿದ — ಹೀಗೆ. ಹಲಗೆ ಅಲುಗಲಿಲ್ಲ. ಕಾಲು ಜಾರಿತು. ಹಿಡಿಯಲು ಕಂಬಿ ಇರಲಿಲ್ಲ. ನಾನು ಕೆಳಗೇ ನಿಂತಿದ್ದೆ —

ನಾಳೆ ಬೆಳಿಗ್ಗೆ ಆ ಮೆಟ್ಟಿಲು ಕೀಳಿಸುತ್ತೀರಂತೆ. ಕಿತ್ತು ಚೂರಾದ ಮೇಲೆ, ಮುರಿದಿರಲಿಲ್ಲ ಅಂತ ಯಾರಿಗೆ ಏನು ತೋರಿಸಲಿ? ಮೆಟ್ಟಿಲು ಮಾಡಿಸಬೇಕೆಂದಿದ್ದ ಜಾವಗಲ್ಲಿನವರು ಈ ಮಾತು ಕೇಳಿ ಆಗಲೇ ಕೆಲಸ ಬೇಡ ಎಂದರು. ಅವನ ಪಕ್ಕ ಕೂತು ನಕ್ಷೆ ಬರೆದವರು ದ್ರಾಕ್ಷಾಯಣಮ್ಮ. ಅವನ ಮರಗೆಲಸದ ಅಂಗಡಿಯನ್ನು ತಾನೇ ನಡೆಸುತ್ತೇನೆ ಎಂದು ಕೂತಿದ್ದಾರೆ. ನೀವೆಲ್ಲ ಫೋಟೋಗೆ ಹೂವು ಹಾಕಿ ಅವರ ಅಂಗಡಿಗೆ ಬೀಗ ಹಾಕುತ್ತಿದ್ದೀರಿ! ಈಗ ತಾನೇ ಅವರು ನನಗೆ ಹೇಳಿದ್ದು — 'ಅಳೋದು ಆಮೇಲೆ ಐತೆ, ಮರಿಯಣ್ಣ. ಮೊದ್ಲು ಇವ್ರನ್ನೆಲ್ಲ ಮೆಟ್ಲು ಹತ್ಸಿ.'

ಹೊರಗೆ ವ್ಯಾನು ನಿಲ್ಲಿಸಿದ್ದೇನೆ. ಇಲ್ಲಿಂದ ನೇರ ಬೇಲೂರಿಗೆ. ಒಬ್ಬೊಬ್ಬರೇ ಹತ್ತಿ ನೋಡಿ. ಒಂದೇ ಒಂದು ಬಿರುಕು ತೋರಿಸಿ, ನಾನೇ ಕೀಳುತ್ತೇನೆ. ತೋರಿಸಲಾಗದಿದ್ದರೆ ಮೆಟ್ಟಿಲು ಉಳಿಯಬೇಕು. ನಾಳೆ ನಾನೇ ಕಂಬಿ ಹಾಕುತ್ತೇನೆ. ಚೆಂದ ಕೆಡುತ್ತದೆ ಎಂದು ಯಾರಾದರೂ ಬಾಯಿ ಬಿಟ್ಟರೆ — ನೋಡಿ ಮತ್ತೆ!

ಈಗ ದಯಮಾಡಿ ಎಲ್ಲರೂ ಎದ್ದು ನಿಲ್ಲಿ. ಮಾತು ಸಾಕು. ತಮ್ಮಯ್ಯನಿಗಾಗಿ ಸ್ವಲ್ಪ ಹೊತ್ತು ಸುಮ್ಮನಿರೋಣ.

— ಮಧುಕುಮಾರ್ ಅವರೇ, ಅದಾದ ಕೂಡಲೇ ಮನೆಗೊಂದು ಫೋನ್ ಮಾಡಿ. ಹಲಗೆಗಳನ್ನು ಸೀಗೆಪುಡಿ ಹಾಕಿ ತೊಳೆದೆವು ಎಂದಿರಿ. ಇಷ್ಟು ಜನ ಹತ್ತುತ್ತಾರೆ; ತುದಿಗಳಲ್ಲಿ ಜಿಡ್ಡು ಉಳಿದಿದೆಯೇ ಎಂದು ಇನ್ನೊಂದು ಸಲ ಕೈಯಾಡಿಸಿ ನೋಡಲು ಹೇಳಿ.